ಕುಡಿಯದವನ ಮೇಲೆ ಕೇಸು

ಠಾಣೆ ಶಹರದ ಕೋರ್ಟಿನ ಹೊರಗೆ ಬಸ್ಸಿನ ಕ್ಯೂನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಒಬ್ಬ ಹೋಟೆಲಿನ ಟೆಂಪೋ ಡ್ರೈವರ್ ಚೆನ್ನಯ, ಇನ್ನೊಬ್ಬರು ಅದೇ ಹೋಟೆಲಿನ ಮ್ಯಾನೇಜರ್ ಕಮಲಾಕ್ಷ ಭಟ್ಟರು.

"ಲೈಸೆನ್ಸ್ ಹೋಯ್ತಲ್ಲ ಭಟ್ರೇ! ಜನ್ಮದಲ್ಲಿ ಕುಡಿದವನಲ್ಲ ನಾನು."

"ಮೆಲ್ಲಗೆ ಮಾರಾಯ. ಶ್ರಾವಣಕ್ಕೆ ಮುಂಚೆ ಗಟಾರಿ ಅಂತ ಊರೇ ಕುಡೀತದೆ. ವಿಶಾಲನೂ ಕುಡಿದು ಕಾರು ಓಡಿಸಿದ, ಪೊಲೀಸ್ ನಾಕಾದಲ್ಲಿ ಸಿಕ್ಕಿಬಿದ್ದ. ಹೋಟೆಲಿನ ಧನಿಗಳಿಗೆ ಅವನೊಬ್ಬನೇ ಮಗ. ಪೊಲೀಸರಿಗೆ ಒಂದು ಕೇಸು ಬೇಕಿತ್ತು, ಕೊಟ್ಟೆವು."

"ಅವನ ಸೀಟಿನಲ್ಲಿ ನನ್ನನ್ನು ಕೂರಿಸಿದ್ರಿ, ಆಯ್ತು. ವಿಸ್ಕಿ ಯಾಕೆ ಕುಡಿಸಿದ್ದು?"

"ಕುಡಿಯದೆ ಊದಿದರೆ ಮೆಷಿನ್ ಸೊನ್ನೆ ತೋರಿಸ್ತದೆ. ಕುಡಿಸಿಯೇ ತನ್ನಿ ಅಂತ ಹವಾಲ್ದಾರನೇ ಹೇಳಿದ್ದು."

"ಅವನ ಬೂಟಿನ ಮೇಲೇ ವಾಂತಿ ಮಾಡಿದೆ."

"ಒಳ್ಳೇದೇ ಆಯ್ತು. ಕೇಸು ಗಟ್ಟಿಯಾಯ್ತು."

ಭಟ್ಟರು ನಕ್ಕರು.

"ಲೈಸೆನ್ಸ್ ವಾಪಸ್ ಬರುವವರೆಗೆ ಕೆಲಸ ಇಟ್ಟಿರ್ತೇನೆ ಅಂದಿದ್ರು ಧನಿಗಳು."

"ಟೆಂಪೋಗೆ ಬೇರೆಯವನು ಬಂದಾಯ್ತು. ಕುಡಿದು ಸಿಕ್ಕಿಬಿದ್ದ ಡ್ರೈವರನ್ನು ಇಟ್ಟುಕೊಂಡರೆ ಹೋಟೆಲಿನ ಮರ್ಯಾದೆ ಏನಾಗ್ತದೆ, ನೀನೇ ಹೇಳು."

"ಕುಡಿಸಿದ್ದು ನೀವು!"

"ಅದು ನಮಗೆ ಗೊತ್ತು. ಗಿರಾಕಿಗಳಿಗೆ ಗೊತ್ತುಂಟಾ? ತಗೋ, ವಿಶಾಲ್ ಬಂದ."

ಬಿಳಿ ಕಾರು ಬಂದು ನಿಂತಿತು. ಸ್ಟೇರಿಂಗ್ ಹಿಡಿದಿದ್ದ ಹುಡುಗ ಗಾಜು ಇಳಿಸಿದ.

"ಚಲೋ ಭಟ್‌ಜೀ, ಬೈಠೋ. ಚೆನ್ನಯ ಅಣ್ಣಾ, ಆಪ್ ಭೀ."

ಚೆನ್ನಯ ಹೆಜ್ಜೆ ಮುಂದಿಟ್ಟ. ಭಟ್ಟರು ಅವನ ಎದೆಗೆ ಕೈ ಅಡ್ಡ ಹಿಡಿದರು.

"ನೀನು ಬಸ್ಸಿನಲ್ಲೇ ಬಾ. ಕೋರ್ಟಿನ ಎದುರು ನಿನ್ನನ್ನು ಈ ಕಾರಿನಲ್ಲಿ ಯಾರಾದರೂ ನೋಡಿದರೆ ಹುಡುಗನ ಹೆಸರು ಹಾಳಾಗ್ತದೆ."

ಬಾಗಿಲು ಹಾಕಿಕೊಂಡಿತು. ಕಾರು ಹೋಯಿತು.