ಪರದೆಯ ಮೇಲೆ ನಿಂತ ಎಂಟು

ಬಂಧುಗಳೇ, ಬಣ್ಣದ ಕಾರ್ಖಾನೆಯ ಗೆಳೆಯರೇ, ನಮಸ್ಕಾರ. ನಮ್ಮನ್ನು ಬಿಟ್ಟುಹೋದ ಮೀಟರಣ್ಣನ ಮನೆಯವರು ಮುಂದೆಯೇ ಕೂತಿದ್ದೀರಿ. ಅತ್ತಿಗೆ, ಮೂರು ದಿನದಿಂದ ಏನೂ ತಿಂದಿಲ್ಲವಂತೆ — ಸ್ವಲ್ಪವಾದರೂ ತಿನ್ನಿ. ಪುಟ್ಟಿ, ಜ್ವರ ಇಳಿಯಿತೇನಮ್ಮ? ಫಿಟ್ಟರ್ ಮಾವ, ಅವನನ್ನು ಎಳೆದು ತಂದ ಆ ಕೈ ಹೇಗಿದೆ? ಎತ್ತಬೇಡಿ, ಎತ್ತಬೇಡಿ — ಕಾಣಿಸಿತು.

ನಾನು ಹೆಚ್ಚು ಓದಿದವನಲ್ಲ. ಕಂಪ್ಯೂಟರನ್ನೂ ಅವರಿವರನ್ನು ಕೇಳಿಯೇ ಕಲಿತೆ. ತಿಳಿದ ಹಾಗೆ ಹೇಳುತ್ತೇನೆ.

ನಮ್ಮ ಮೂರು ಬಾಯ್ಲರ್‌ಗಳ ಒತ್ತಡದ ಅಳತೆ ಕ್ಷಣಕ್ಷಣವೂ ಒಂದು ಕ್ಲೌಡ್ ಸೇವೆಗೆ ಹರಿದು ಹೋಗಿ, ಅಲ್ಲಿಂದ ನಮ್ಮ ಪರದೆಗೆ ಬರುತ್ತದೆ. ಹೋದ ತಿಂಗಳು ಆ ಸೇವೆಯವರು ಹೊಸ ಸೌಲಭ್ಯ ಕೊಟ್ಟರು. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರುತ್ತದಲ್ಲ — ಅದೇ ಸಂಖ್ಯೆ ಮತ್ತೆ ಬಂದರೆ, ಒಂದೇ ಸಂದೇಶ ಎರಡು ಸಲ ಬಂತೆಂದು ಅದನ್ನು ತಾನಾಗಿಯೇ ಎಸೆದುಬಿಡುತ್ತದೆ. ಅದನ್ನು ಆನ್ ಮಾಡಿದವನು ನಾನು. ಪುಸ್ತಕ ಹಿಡಿದು ಮೀಟರಿನ ಮುಳ್ಳು ನೋಡುತ್ತ ತಿರುಗುವುದು ಇನ್ನು ಬೇಡ ಎಂದು ಮೀಟರಣ್ಣನ ಸುತ್ತು ನಿಲ್ಲಿಸಿದವನೂ — ನಾನೇ.

ಶನಿವಾರ ಅವನು ಮೂರೂ ಅಳತೆ ಯಂತ್ರಗಳ ಬ್ಯಾಟರಿ ಬದಲಿಸಿದ. ಬ್ಯಾಟರಿ ಬದಲಾದರೆ ಅವು ಮತ್ತೆ ಒಂದರಿಂದ ಎಣಿಸುತ್ತವೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ. ಈ ಸಂಖ್ಯೆಗಳು ಆಗಲೇ ಬಂದಿವೆ ಎಂದು ಸೇವೆ ಹೊಸ ಅಳತೆಗಳನ್ನೆಲ್ಲ ಎಸೆಯಿತು. ಪರದೆಯಲ್ಲಿ ಮೂರೂ ಬಾಯ್ಲರ್‌ಗಳ ಹಳೆಯ ಒತ್ತಡ, ಎಂಟು, ಹಾಗೆಯೇ ನಿಂತಿತು.

ಸೋಮವಾರ ಬಂದು, ಹೀಗೆ — ಮೇಜಿನ ಮೇಲೆ ಬೆರಳು ಕುಟ್ಟಿದ. "ಲೋ, ಬೆಳಗ್ಗಿಂದ ಎಂಟು, ಎಂಟು, ಎಂಟು. ನಿನ್ನ ಪರದೆ ಉಸಿರಾಡ್ತಾ ಇದ್ಯೇನೋ?"

"ಸುತ್ತು ತಪ್ಪಿಸಿದೆ ಅಂತ ಹೊಟ್ಟೆಕಿಚ್ಚು ಕಣೋ ನಿನಗೆ," ಎಂದೆ.

"ಹೂಂ ಕಣಪ್ಪಾ, ನೀನೇ ದೊಡ್ಡ ವಿಜ್ಞಾನಿ. ಮುಳ್ಳು ನೋಡ್ಕೊಂಡು ಬರ್ತೀನಿ," ಎಂದು ನಗುತ್ತ ಹೋದ. ಪರದೆಗೆ ಕಾಣದ ಒತ್ತಡ ಏರಿ ಒಂದನೇ ಬಾಯ್ಲರ್‌ನ ಹಬೆಯ ಕೊಳವೆ ಸಿಡಿದಾಗ ಅದರ ಪಕ್ಕದಲ್ಲೇ ಇದ್ದ.

ಅತ್ತಿಗೆ, ಕ್ಷಮೆ ಕೇಳಲು ನನಗೆ ಮುಖವಿಲ್ಲ.

ಆದರೆ ಇದನ್ನು ಕೇಳಿ. ತಣ್ಣಗೆ ಬಿದ್ದಿರುವ ಒಂದನೇ ಬಾಯ್ಲರ್ ಪರದೆಯಲ್ಲಿ ಈಗಲೂ ಎಂಟು ತೋರಿಸುತ್ತಿದೆ. ಉಳಿದೆರಡೂ ಎಂಟೇ — ಅವು ತಾವಾಗಿಯೇ ಉರಿಯುತ್ತಿವೆ. ತನಿಖೆ ಮುಗಿಯುವವರೆಗೆ ಏನನ್ನೂ, ನಾನು ಆನ್ ಮಾಡಿದ ಆ ಸೌಲಭ್ಯವನ್ನೂ, ಮುಟ್ಟಕೂಡದೆಂದು ಹೇಳಿ ಬಾಯ್ಲರ್ ಶೆಡ್ಡಿಗೆ ಬೀಗ ಹಾಕಿದ್ದಾರೆ. ಬೆಂಕಿ ಆರಿಸಿ ಎಂದರೆ ಮ್ಯಾನೇಜರ್ ಪರದೆಯನ್ನೇ ತೋರಿಸುತ್ತಾರೆ: "ಎಲ್ಲ ಸರಿಯಾಗೇ ಇದೆಯಲ್ರೀ!"

ಹೊರಗೆ ಹೋಗುವ ಮೊದಲು ಪ್ರತಿಯೊಬ್ಬರೂ "ಬೆಂಕಿ ಆರಿಸಿ" ಎಂದು ಒಂದು ಸಾಲು ಬರೆದು ನನ್ನ ಕೈಗೆ ಕೊಡಿ, ಮ್ಯಾನೇಜರ್ ಮುಂದಿಡುತ್ತೇನೆ. ನಾಳೆ ಅನ್ನಬೇಡಿ. ಈಗಲೇ.

ಎಲ್ಲರೂ ಎದ್ದು ನಿಲ್ಲೋಣ. ಎರಡು ನಿಮಿಷ ಮೌನ. ಗೋಡೆಯಾಚೆ ಆ ಎರಡು ಬಾಯ್ಲರ್‌ಗಳ ಸದ್ದು ಕೇಳಿಸುತ್ತದೆ — ಅದು ಬದಲಾದರೆ, ನಿಮಿಷ ಮುಗಿಯಲೆಂದು ಕಾಯಬೇಡಿ. ಮಕ್ಕಳನ್ನು ಎತ್ತಿಕೊಂಡು ಓಡಿ.