ಇನ್ನಾಸಪ್ಪನ ಹೆಸರಿನ ಪೂಜೆ

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೆ ಕಾದು ಕೂತಿದ್ದೆ. ಪಕ್ಕದಲ್ಲಿ ಕೊರಳಿಗೆ ಶಿಲುಬೆ ಹಾಕಿದ್ದ ಒಬ್ಬ ಮುದುಕಿ, ಜೊತೆಗೆ ಅವಳ ವಿಧವೆ ಸೊಸೆ. ನಾಳೆ ಅವರಲ್ಲಿ ಸತ್ತವರ ದಿನವಂತೆ.

“ಇನ್ನಾಸಪ್ಪನ ಹೆಸರಲ್ಲಿ ಚರ್ಚಲ್ಲಿ ಒಂದು ಪೂಜೆ ಕೊಡ್ಸು ಜಸಿಂತಾ. ನನ್ ಮಗ ಶುದ್ಧೀಕರಣ ಸ್ಥಳದಲ್ಲಿ ಬೇಯ್ತಾವ್ನೆ. ನಾವು ಬೇಡ್ಕೊಂಡ್ರೆ ಬೇಗ ಸ್ವರ್ಗಕ್ಕೆ ಹೋಯ್ತಾನೆ.”

“ಬೇಯ್ಲಿ ಬುಡಿ ಅತ್ತೆ. ಏನ್ ಅವಸರ?”

“ಸಾಯೋ ಮುಂಚೆ ಪಾಪನಿವೇದನೆ ಮಾಡ್ದ ಕಣೇ. ಫಾದರ್ ಕ್ಷಮ್ಸಿದ್ರು.”

“ಏಟು ತಿಂದಿದ್ದು ಫಾದರ್ರಾ?”

“ದೇವ್ರೇ ಕ್ಷಮ್ಸಿದ್ ಮೇಲೆ ನಿಂದೇನೇ?”

“ಹಂಗಾದ್ರೆ ದೇವ್ರೇ ಮೇಲಕ್ಕೆ ಎತ್ಕೊಳ್ಲಿ. ನನ್ನ ಯಾಕೆ ಕೇಳ್ತೀರ?”

“ಕಟ್ಕೊಂಡೋಳು ಬೇಡ್ಕೊಂಡ್ರೆ ಬೇಗ ಬುಡುಗಡೆ ಆಯ್ತದೆ ಕಣವ್ವಾ.”

“ನಾನೂ ದಿನಾ ಬೇಡ್ಕೋತೀನಿ.”

ಮುದುಕಿಯ ಮುಖ ಅರಳಿತು. “ಏನಂತ?”

“ಅವರ್ನ ಅಲ್ಲೇ ಇಟ್ಕೊಳಪ್ಪಾ ಅಂತ. ಒಂದಿನ ನಾನೂ ಸ್ವರ್ಗಕ್ಕೆ ಹೋಗ್ಬೇಕಲ್ಲ. ಅಲ್ಲೂ ಅವರ ಜೊತೇಲೇ ಬಾಳ್ವೆ ಮಾಡ್ಲಾ?”

ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ನಾನು ಸತ್ರೆ ನನಗ್ಯಾರೇ ಪೂಜೆ ಕೊಡ್ಸೋರು? ನಿನ್ ಬುಟ್ರೆ ನನಗ್ಯಾರವ್ರೆ?”

“ಅವರು ಹೊಡೀವಾಗ ಹೊರಗಿಂದ ಚಿಲಕ ಹಾಕ್ತಿದ್ದೋರು ಯಾರತ್ತೆ?”

“ಅಕ್ಕಪಕ್ಕದೋರ್ಗೆ ಕೇಳ್ಬಾರ್ದು ಅಂತ...”

“ಕೇಳ್ಲಿಲ್ಲ. ನೀವೂ ಅಲ್ಲಿಗೇ ಹೋಗಿ, ಮಗನ ಜೊತೆಗಿರಿ. ನಿಮ್ಮಿಬ್ರಿಗೂ ನಾನು ಒಂದು ಮೇಣದಬತ್ತಿನೂ ಹಚ್ಚಲ್ಲ.”

ಅಷ್ಟರಲ್ಲಿ ಕುಣಿಗಲ್ ಬಸ್ ಬಂತು. ಸೊಸೆ ಅವಳ ರಟ್ಟೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದಳು.

“ಕಿಟಕಿ ಪಕ್ಕ ಕೂತ್ಕೊಳ್ಳಿ ಅತ್ತೆ, ನಿಮಗೆ ವಾಂತಿ ಬರ್ತದೆ,” ಅಂದದ್ದು ನನಗೆ ಕೇಳಿಸಿತು.