ಕಡಲು ನೋಡುವವಳು

ಕಡಲ ಮರಳು ಅಗೆದು ಚಿಪ್ಪು ಹೆಕ್ಕುವ ಲೈಸೆನ್ಸಿನ ಸಾಲು ಎಷ್ಟು ಉದ್ದವಿತ್ತೆಂದರೆ, ಕ್ಷೌರ ಮಾಡಿಸಿಕೊಂಡು ಬಂದವರಿಗೆ ಕಿಟಕಿ ತಲುಪುವಷ್ಟರಲ್ಲಿ ಎದೆಯುದ್ದ ಗಡ್ಡ ಬಂದಿತ್ತು. ಆ ಸಾಲಿನಲ್ಲಿದ್ದ ನಮ್ಮೂರ ದರ್ಜಿಯದೋ ಇರುವೆ ಸೀನಿದರೂ ಕೇಳಿಸಿಕೊಳ್ಳುವ ಕಿವಿ. ಮುಂದೆ ನಿಂತಿದ್ದ ಅತ್ತೆ ಸೊಸೆಯರ ಪಿಸುಮಾತು ಅವನ ಪಾಲಿಗೆ ಡಂಗುರವೇ.

“ಮನೆಗೆ ನಡಿ. ನನ್ನ ಮಗನ್ನ ಕೊಟ್ಟಿದ್ದು ಸಾಲ್ದಾ ಆ ಕಡಲಿಗೆ?”

“ಒಂದೇ ಒಂದ್ಸಲ ಅತ್ತೆ. ಅವರು ಕೊನೇಲಿ ಕೂತಿದ್ದ ಜಾಗ ನೋಡ್ಬೇಕು, ಅಲ್ಲೇ ಕೂತು ಅಗೀಬೇಕು.”

“ಉಳಿದವರೆಲ್ಲ ಉಬ್ಬರಕ್ಕೆ ಮುಂಚೆ ಎದ್ದು ಬಂದ್ರಂತೆ. ಇವನಿಗೇನಾಗಿತ್ತು ದಾಡಿ?”

“ಅಳತೆಗೆ ಬರದ ಚಿಪ್ಪಿನ ಮರಿಗಳನ್ನ ತಿರುಗಿ ಮರಳಲ್ಲಿ ಹೂಳ್ತಿದ್ರಂತೆ. ಬಿಸಾಕಿದ್ರೆ ಹಕ್ಕಿ ತಿನ್ನತ್ತೆ ಅಂತಿದ್ರಲ್ಲ. ಕಡಲಿಗೆ ಬೆನ್ನು ಹಾಕಿ ಕೂತಿದ್ರು.”

“ಹುಚ್ಚಪ್ಪ. ಚಿಕ್ಕೋನಿದ್ದಾಗ್ಲೂ ಹಾಗೇ, ಹಿಡಿದ ಕೆಲ್ಸ ಮುಗಿಸ್ದೆ ಏಳ್ತಿರ್ಲಿಲ್ಲ.”

“ಒಬ್ರು ಅಗೀವಾಗ ಇನ್ನೊಬ್ರು ಕಡಲು ನೋಡ್ತಾ ನಿಲ್ಬೇಕಂತೆ. ಅವತ್ತು ಯಾರೂ ನಿಂತಿರ್ಲಿಲ್ಲ.”

“ನಾಳೆ ನಿನಗ್ಯಾರು ನಿಲ್ತಾರೆ?”

ಸೊಸೆ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.

“ನಾನೇ ನಿಲ್ತೀನಿ,” ಅಂದಳು ಅತ್ತೆ.

“ಅಯ್ಯೋ, ಸೂಜಿಗೆ ದಾರ ಪೋಣಿಸೋಕೇ ನಿಮಗೆ ಕಣ್ಣು ಕಾಣಲ್ಲ!”

“ಕಡಲೇನು ಸೂಜಿಯಷ್ಟಿದೆಯೇನೇ? ದೂರದ್ದು ಚೆನ್ನಾಗೇ ಕಾಣತ್ತೆ. ನಾನು ಕೂಗಿದ ತಕ್ಷಣ ಎದ್ದು ಬರ್ಬೇಕು.”

“ಬರ್ತೀನಿ.”

“ಕೈಯಲ್ಲಿ ಮರಿ ಇದ್ರೂನೂ.”

“ಬರ್ತೀನಿ ಅತ್ತೆ.”

ಮೂರು ಊರಿಗೆ ಹಂಚಿದರೂ ಮಿಗುವಷ್ಟು ಮಾತಿದ್ದ ದರ್ಜಿ ಅವರಿಗೆ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

“ಇಬ್ಬರಿಗಾ?” ಎಂದು ಕಿಟಕಿಯವನು ಕೇಳಿದ.

“ಅಗಿಯೋದು ಇವಳು. ನಾನು ಬರೀ ಕಡಲು ನೋಡ್ತೀನಿ,” ಎಂದಳು ಅತ್ತೆ.

ಒಂದೇ ಲೈಸೆನ್ಸ್ ಪಡೆದು ಇಬ್ಬರೂ ಮೆಟ್ಟಿಲಿಳಿದರು. ಕಡಲು ಇನ್ನೂ ದೂರವಿತ್ತು. ಅತ್ತೆ ಆಗಲೇ ಸೊಸೆಯ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.